ಡ್ರೋನ್ ಕ್ಯಾಮೆರಾಕ್ಕೆ ಎನ್‌ಡಿ ಫಿಲ್ಟರ್: ಜೆಲ್ ಹಾಳೆ ಕತ್ತರಿಸುವುದರಿಂದ ಹಾರಿಸುವ ತನಕ

ಸುಡುಬಿಸಿಲಿನಲ್ಲಿ ತೆಗೆದ ಡ್ರೋನ್ ವಿಡಿಯೋ ನೋಡಿ. ಓಡುವ ಬೈಕು ಜಿಗಿಜಿಗಿದು ಹೋದಂತೆ ಕಾಣುತ್ತದೆ, ಮರದ ಎಲೆಗಳು ಚುರುಚುರು ಮಿನುಗುತ್ತವೆ, ಕೆಳಹಾರಾಟದಲ್ಲಿ ನೆಲ ತುಂಡುತುಂಡಾಗಿ ಸರಿಯುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಬೆಳಕು ಜಾಸ್ತಿಯಾಗಿ ಶಟರ್ (ಪ್ರತಿ ಫ್ರೇಮಿಗೆ ಸೆನ್ಸರ್ ಬೆಳಕು ಪಡೆಯುವ ಹೊತ್ತು) 1/3000 ಸೆಕೆಂಡಿಗೆ ಓಡಿರುತ್ತದೆ. ಪ್ರತಿ ಫ್ರೇಮೂ ಕಲ್ಲಿನಲ್ಲಿ ಕೆತ್ತಿದಂತೆ ಚೂಪಾಗಿರುತ್ತದೆ, ಒಂದು ಫ್ರೇಮಿಗೂ ಮುಂದಿನದಕ್ಕೂ ಬೆಸುಗೆಯೇ ಇರುವುದಿಲ್ಲ. ಆ ಬೆಸುಗೆ ಬರಬೇಕಾದರೆ ಶಟರ್ ನಿಧಾನವಾಗಬೇಕು. ಸಣ್ಣ ಡ್ರೋನ್‌ಗಳಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಕಿರಿದು ಮಾಡಲು ಬರುವುದಿಲ್ಲ, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100ಕ್ಕಿಂತ ಕೆಳಗಿಳಿಯುವುದಿಲ್ಲ. ಉಳಿಯುವ ದಾರಿ ಲೆನ್ಸಿನ ಮುಂದೆ ಕಪ್ಪು ಗಾಜು, ಅಂದರೆ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರ್.

ಇಲ್ಲಿ ಬರೆದಿರುವುದು ಲೈಟಿಂಗ್ ಜೆಲ್ ಹಾಳೆಯಿಂದ (ದೀಪದ ಮುಂದೆ ಹಾಕುವ ತೆಳು ಪ್ಲಾಸ್ಟಿಕ್ ಹಾಳೆ) ಒಂದು ಫಿಲ್ಟರ್ ಮಾಡಿ, ಅದರ ನಿಜವಾದ ಸಾಂದ್ರತೆ, ಅಂದರೆ ಅದು ಎಷ್ಟು ಬೆಳಕು ತಡೆಯುತ್ತದೆ ಎಂದು ಅಳೆದು, ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೋಟರ್ ತೋಳು) ಪರೀಕ್ಷೆ ಮುಗಿಸಿ ಹಾರಿಸುವವರೆಗಿನ ಕೆಲಸ. ಅಂಗಡಿಯ ಗಾಜಿನ ಸೆಟ್ ಇದ್ದವರು ತಯಾರಿಕೆಯ ಭಾಗ ಬಿಟ್ಟು ಅಳತೆಯಿಂದ ಶುರುಮಾಡಬಹುದು. ಅಳತೆಯನ್ನು ಮಾತ್ರ ಬಿಡಬೇಡಿ. ಡಬ್ಬಿಯ ಮೇಲಿನ ಸಂಖ್ಯೆಗೂ ಒಳಗಿನ ಗಾಜಿಗೂ ಯಾವಾಗಲೂ ತಾಳೆಯಾಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಎಷ್ಟು ಕಪ್ಪು ಬೇಕು

ಎನ್‌ಡಿ ಸಂಖ್ಯೆ ಬೆಳಕನ್ನು ಎಷ್ಟರಿಂದ ಭಾಗಿಸುತ್ತದೆ ಎಂದು ಹೇಳುತ್ತದೆ. ಎನ್‌ಡಿ8 ಎಂದರೆ ಎಂಟನೇ ಒಂದು ಪಾಲು ಬೆಳಕು, 3 ಸ್ಟಾಪ್. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಎರಡು ಪಟ್ಟಾಗುವುದು. ಎನ್‌ಡಿ16 ಅಂದರೆ 4 ಸ್ಟಾಪ್, ಎನ್‌ಡಿ32 ಅಂದರೆ 5, ಎನ್‌ಡಿ64 ಅಂದರೆ 6. ಜೆಲ್ ಹಾಳೆಗಳ ಮೇಲೆ ಈ ಸಂಖ್ಯೆ ಇರುವುದಿಲ್ಲ, 0.3, 0.6, 0.9, 1.2 ಎಂಬ ಸಾಂದ್ರತೆ ಬರೆದಿರುತ್ತದೆ. ಪ್ರತಿ 0.3ಕ್ಕೆ ಒಂದು ಸ್ಟಾಪ್. ಎರಡು ಫಿಲ್ಟರ್ ಒಂದರ ಮೇಲೊಂದು ಇಟ್ಟರೆ ಸಾಂದ್ರತೆಗಳನ್ನು ಕೂಡಿಸಬೇಕು, ಎನ್‌ಡಿ ಸಂಖ್ಯೆಗಳನ್ನು ಗುಣಿಸಬೇಕು. ಎನ್‌ಡಿ8 ಮೇಲೆ ಎನ್‌ಡಿ8 ಇಟ್ಟರೆ ಸಿಗುವುದು ಎನ್‌ಡಿ64, ಎನ್‌ಡಿ16 ಅಲ್ಲ. ಈ ಒಂದು ಗೊಂದಲದಿಂದ ಹಾಳಾಗುವ ಶೂಟ್‌ಗಳು ಬಹಳ.

ಶಟರ್‌ನ ಗುರಿ ಫ್ರೇಮ್ ರೇಟಿನ (ಸೆಕೆಂಡಿಗೆ ಎಷ್ಟು ಫ್ರೇಮ್) ಎರಡು ಪಟ್ಟು: 25 ಫ್ರೇಮಿಗೆ 1/50, 30ಕ್ಕೆ 1/60, 60ಕ್ಕೆ 1/120. ಬಿಸಿಲಿನ ಲೆಕ್ಕಕ್ಕೆ ಹಳೆಯ ಸನ್ನಿ 16 ಸೂತ್ರ ಸಾಕು: ಪೂರ್ಣ ಬಿಸಿಲಿನಲ್ಲಿ ಎಫ್/16, ಐಎಸ್‌ಒ 100 ಇದ್ದರೆ ಶಟರ್ 1/100. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ಅಗಲ, ಎಫ್/2.8 ಅದಕ್ಕಿಂತ 5 ಸ್ಟಾಪ್ ಅಗಲ. ಹಾಗಾಗಿ ಡಿಜೆಐ ಮಿನಿ 2 ಅಥವಾ ಏರ್ 2ಎಸ್‌ನಂಥ ಎಫ್/2.8 ಕ್ಯಾಮೆರಾದಲ್ಲಿ ಅದೇ ಬಿಸಿಲಿಗೆ 1/3200 ಬರುತ್ತದೆ. 1/3200ರಿಂದ 1/50ಕ್ಕೆ ಇಳಿಯಲು 64 ಪಟ್ಟು, ಅಂದರೆ ಎನ್‌ಡಿ64. ತೆಳುಮೋಡದ ಬಿಸಿಲಿಗೆ ಎನ್‌ಡಿ32, ನೆರಳು ಬೀಳದ ಮೋಡಕ್ಕೆ ಎನ್‌ಡಿ16, ದಟ್ಟ ಮೋಡಕ್ಕೆ ಎನ್‌ಡಿ8. ಹಿಮ ಅಥವಾ ಬಿಳಿ ಮರಳಿನ ಮೇಲೆ ಹಾರಿಸುವಾಗ ಒಂದು ಸ್ಟಾಪ್ ಜಾಸ್ತಿ. ಮಿನಿ 3 ಪ್ರೊ ತರಹದ ಎಫ್/1.7 ಲೆನ್ಸಿಗೆ ಇನ್ನೂ ಒಂದೂವರೆ ಸ್ಟಾಪ್ ಸೇರಿಸಿ. ಅದಕ್ಕೆ ಪೂರ್ಣ ಬಿಸಿಲಿನಲ್ಲಿ 30 ಫ್ರೇಮಿಗೆ ಎನ್‌ಡಿ128 ಬೇಕಾಗುತ್ತದೆ. ಲಾಗ್ ಪ್ರೊಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ರೆಕಾರ್ಡ್ ಮಾಡುವ ಬಗೆ) ಕನಿಷ್ಠ ಐಎಸ್‌ಒ 400 ಇರುವ ಕ್ಯಾಮೆರಾ ಆದರೆ ಮತ್ತೆ 2 ಸ್ಟಾಪ್. ಮ್ಯಾವಿಕ್ 3 ಹಾಗೆ ಎಫ್/2.8ರಿಂದ ಎಫ್/11 ತನಕ ಅಪರ್ಚರ್ ಬದಲಿಸಲು ಬರುವ ಡ್ರೋನ್‌ನಲ್ಲಿ ಒಂದೆರಡು ಸ್ಟಾಪ್ ಅಪರ್ಚರ್‌ನಿಂದ ಪಡೆಯಬಹುದು. ಎಫ್/8 ದಾಟಿದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಂಡಿಯಲ್ಲಿ ಬೆಳಕು ಹರಡುವುದರಿಂದ) ಚಿತ್ರ ಮೆತ್ತಗಾಗುತ್ತದೆ.

ಇಷ್ಟೆಲ್ಲ ಬೆಳಕಿನ ಲೆಕ್ಕ. ಎತ್ತರ ಮತ್ತು ವೇಗದ ಲೆಕ್ಕ ಹಾಕುವವರು ಕಡಿಮೆ, ಫಿಲ್ಟರ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಾತ್ರ ಅದೇ. 24 ಮಿಮೀ ಸಮಾನ ಲೆನ್ಸ್ (35 ಮಿಮೀ ಫಿಲ್ಮ್ ಕ್ಯಾಮೆರಾದಲ್ಲಿ 24 ಮಿಮೀ ಲೆನ್ಸ್ ಕಾಣಿಸುವಷ್ಟೇ ಅಗಲ ಕಾಣಿಸುವಂಥದ್ದು) 100 ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದರೆ ಸುಮಾರು 150 ಮೀಟರ್ ಅಗಲದ ನೆಲ ಕಾಣುತ್ತದೆ. 4ಕೆ ವಿಡಿಯೋದ 3840 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್‌ಗೆ ಹತ್ತಿರಹತ್ತಿರ 4 ಸೆಂಮೀ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರುವ ಡ್ರೋನ್ 1/50 ಸೆಕೆಂಡಿನಲ್ಲಿ ಸರಿಯುವುದು 10 ಸೆಂಮೀ, ಅಂದರೆ ಎರಡೂವರೆ ಪಿಕ್ಸೆಲ್. ಕಣ್ಣಿಗೆ ಗೊತ್ತಾಗುವಷ್ಟು ಬ್ಲರ್ ಅಲ್ಲ. ಅದೇ ಡ್ರೋನ್ ಅದೇ ವೇಗದಲ್ಲಿ 5 ಮೀಟರ್ ಎತ್ತರಕ್ಕಿಳಿದರೆ ಪಿಕ್ಸೆಲ್ 2 ಮಿಮೀ ಆಗುತ್ತದೆ, ಬ್ಲರ್ 50 ಪಿಕ್ಸೆಲ್ ಆಗುತ್ತದೆ. ಎತ್ತರದಿಂದ ನಿಧಾನವಾಗಿ ತೆಗೆಯುವ ವಿಶಾಲ ದೃಶ್ಯಕ್ಕೆ ಎನ್‌ಡಿ ಇದ್ದರೂ ಇಲ್ಲದಿದ್ದರೂ ಒಂದೇ. ಮರಗಳ ನಡುವೆ, ನೀರಿನ ಮೇಲೆ, ಗಾಡಿಯ ಹಿಂದೆ ಹಾರುವಾಗ ಎನ್‌ಡಿ ಇಲ್ಲದಿದ್ದರೆ ಆ ವಿಡಿಯೋ ನೋಡಲಾಗುವುದಿಲ್ಲ. ಫಿಲ್ಟರ್ ಆರಿಸುವ ಮೊದಲು ಆಕಾಶ ನೋಡುವಷ್ಟೇ ಹಾರುವ ದಾರಿಯನ್ನೂ ನೋಡಬೇಕು.

ಸಾಮಾನು

ಲೀ ಕಂಪನಿಯ ಜೆಲ್ ಆದರೆ 209 (0.3), 210 (0.6), 211 (0.9), 299 (1.2). ರೋಸ್ಕೋ ಸಿನೆಜೆಲ್ ಆದರೆ 3402, 3403, 3404 ಕ್ರಮವಾಗಿ 0.3, 0.6, 0.9. ಇಡೀ ಹಾಳೆ ಕೊಳ್ಳುವ ಅಗತ್ಯವಿಲ್ಲ. ಜೆಲ್ ಮಾದರಿಗಳ ಪುಟ್ಟ ಸ್ವಾಚ್ ಪುಸ್ತಕದ ಒಂದು ತುಂಡಿನಲ್ಲೇ ಡ್ರೋನ್ ಲೆನ್ಸಿಗೆ ಬೇಕಾದ ವೃತ್ತ ಸಿಗುತ್ತದೆ. ಇವುಗಳ ಜೊತೆಗೆ ವರ್ನಿಯರ್ ಕ್ಯಾಲಿಪರ್, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ವಾಷರ್ ಪಂಚ್ ಅಥವಾ ಹೊಸ ಬ್ಲೇಡು, ಕಪ್ಪು ಗ್ಯಾಫರ್ ಟೇಪ್, ಊದುವ ಬ್ಲೋವರ್, 3ಡಿ ಪ್ರಿಂಟರ್ ಮತ್ತು ಮ್ಯಾಟ್ ಕಪ್ಪು ಪಿಇಟಿಜಿ ಪ್ಲಾಸ್ಟಿಕ್. ಪ್ರಿಂಟರ್‌ನ ಇನ್ನೊಂದು ಪ್ಲಾಸ್ಟಿಕ್ ಪಿಎಲ್‌ಎ ಬೇಡ. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ರಿಂಗ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಪಿಇಟಿಜಿ 80ರ ಆಸುಪಾಸಿನ ತನಕ ತಡೆಯುತ್ತದೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ: ಜೆಲ್ ಇರುವುದು ದೀಪದ ಮುಂದೆ ಹಾಕಲು, ಲೆನ್ಸಿನ ಮುಂದೆ ಅಲ್ಲ. ಆದರೂ ಸಣ್ಣ ಡ್ರೋನ್‌ನಲ್ಲಿ ಅದು ಕೆಲಸ ಮಾಡುತ್ತದೆ, ಕಾರಣ ಲೆನ್ಸಿನ ಬೆಳಕಿನ ಕಂಡಿ ತೀರ ಚಿಕ್ಕದು. 1/2.3 ಇಂಚು ಸೆನ್ಸರ್, 24 ಮಿಮೀ ಸಮಾನ ಲೆನ್ಸ್ ಎಂದರೆ ನಿಜವಾದ ಫೋಕಲ್ ಲೆಂತ್ 4.3 ಮಿಮೀ ಆಸುಪಾಸು. ಎಫ್/2.8ರಲ್ಲಿ ಕಂಡಿಯ ವ್ಯಾಸ ಒಂದೂವರೆ ಮಿಮೀ. ಯಾವುದೇ ಒಂದು ಬಿಂದುವಿನಿಂದ ಬರುವ ಬೆಳಕು ಜೆಲ್‌ನ ಅಷ್ಟೇ ಅಗಲದ ಭಾಗವನ್ನು ದಾಟುವುದರಿಂದ ಹಾಳೆಯ ಸಣ್ಣ ಏರುತಗ್ಗು ಅಷ್ಟು ಕಾಣುವುದಿಲ್ಲ. ಇದಕ್ಕೆ ಕೊಡಬೇಕಾದ ಬೆಲೆ ಧೂಳು. ದೊಡ್ಡ ಲೆನ್ಸಿನ ಮೇಲೆ ಲೆಕ್ಕಕ್ಕೇ ಬಾರದ ಕಣವೊಂದು ಇಲ್ಲಿ ಆಕಾಶದಲ್ಲಿ ಮಸುಕಾದ ಕಲೆಯಾಗಿ ಕೂರುತ್ತದೆ. ಒಂದು ಇಂಚಿನ ಅಥವಾ ಅದಕ್ಕಿಂತ ದೊಡ್ಡ ಸೆನ್ಸರ್ ಇರುವ ಡ್ರೋನ್‌ಗೆ ಜೆಲ್ ಬೇಡ, ಕೋಟಿಂಗ್ ಇರುವ ಗಾಜನ್ನೇ ಬಳಸಿ.

ರಿಂಗ್

ಕ್ಯಾಮೆರಾ ಮೂತಿಯ ಹೊರವ್ಯಾಸವನ್ನು ಮೂರು ಕಡೆ ಅಳೆದು ದೊಡ್ಡ ಅಳತೆಯನ್ನು ಹಿಡಿಯಿರಿ. ರಿಂಗಿನ ಒಳವ್ಯಾಸ ಅದಕ್ಕಿಂತ 0.8 ಮಿಮೀ ಹೆಚ್ಚಿರಲಿ. ಈ 0.8ರಲ್ಲಿ 0.6 ಒಳಮೈಗೆ ಒಂದು ಸುತ್ತು ಅಂಟಿಸುವ ಗ್ಯಾಫರ್ ಟೇಪ್‌ಗೆ, ಎರಡೂ ಬದಿಗೆ 0.3ರಂತೆ. ಉಳಿದ 0.2 ಜಾರಿಕೊಂಡು ಕೂರಲು. ಟೇಪಿನ ಬಟ್ಟೆಯ ಮೈ ಮೂತಿಯನ್ನು ಹಿಡಿದುಕೊಳ್ಳುತ್ತದೆ, ಸಂದಿಯಿಂದ ಬೆಳಕು ನುಗ್ಗುವುದನ್ನೂ ತಡೆಯುತ್ತದೆ. ಟೇಪ್ ಬೇರೆಯಾದರೆ ಅದರ ದಪ್ಪವನ್ನು ಅಳೆದು ಲೆಕ್ಕ ತಿದ್ದಿ. ಫೆಲ್ಟ್ ಅಂಟಿಸುವ ಆಸೆ ಬರುತ್ತದೆ, ಅದರ ನೂಲೆಳೆ ಕಳಚಿ ಲೆನ್ಸಿನ ಮೇಲೆ ಬೀಳುತ್ತದೆ. ಗೋಡೆಯ ದಪ್ಪ 0.8 ಮಿಮೀ, 0.4 ನಾಜಲ್‌ನಲ್ಲಿ ಎರಡು ಸುತ್ತು. ಅದಕ್ಕಿಂತ ದಪ್ಪ ಮಾಡಿದರೆ ತೂಕ ಏರುತ್ತದೆ.

ರಿಂಗಿನ ಮುಂದಿನ ಕಿಂಡಿಯ ಅಳತೆಯಲ್ಲಿ ತಪ್ಪಿದರೆ ಮೂಲೆಗಳು ಕಪ್ಪಾಗುತ್ತವೆ. ಕ್ಯಾಮೆರಾದ ನೋಟ ಕರ್ಣದಲ್ಲಿ 84 ಡಿಗ್ರಿ ಎಂದುಕೊಳ್ಳಿ. ಅರ್ಧ 42, ಅದರ ಟ್ಯಾಂಜೆಂಟ್ 0.9. ಬೆಳಕಿನ ಕಂಡಿ ಮುಂದಿನ ಗಾಜಿಗಿಂತ 3 ಮಿಮೀ ಒಳಗಿದ್ದು, ಜೆಲ್ ಆ ಗಾಜಿನಿಂದ 2 ಮಿಮೀ ಹೊರಗಿದ್ದರೆ ಒಟ್ಟು ದೂರ 5 ಮಿಮೀ. ಬೆಳಕಿನ ಕಂಡಿಯ ತ್ರಿಜ್ಯ 0.75, ಹಾಗಾಗಿ ರಿಂಗಿನ ಕಿಂಡಿಯ ತ್ರಿಜ್ಯ ಕನಿಷ್ಠ 0.75 + 5 × 0.9 = 5.25 ಮಿಮೀ. ವ್ಯಾಸ 10.5 ಬಂತು, ಸಡಿಲಕ್ಕೆ ಸೇರಿಸಿ 12 ಮಾಡಿ. ಜೆಲ್ ಲೆನ್ಸಿಗೆ ಹತ್ತಿರ ಇದ್ದಷ್ಟೂ ಕಿಂಡಿ ಚಿಕ್ಕದಾದರೂ ನಡೆಯುತ್ತದೆ, ಆದರೆ ಗಾಜಿಗೆ ತಾಗಬಾರದು.

ಕಿಂಡಿಯ ಒಳಗೆ 1 ಮಿಮೀ ಅಗಲದ ಮೆಟ್ಟಿಲು ಬಿಡಿ. ಜೆಲ್ ಅದರ ಮೇಲೆ ಕೂರುತ್ತದೆ, ಮೇಲಿಂದ 0.6 ಮಿಮೀ ದಪ್ಪದ ಒತ್ತುರಿಂಗ್ ಬಿಗಿಯಾಗಿ ಇಳಿಯುತ್ತದೆ. ಅಂಟು ಬೇಕೇ ಬೇಕೆಂದರೆ ಹೊರ ಅಂಚಿಗೆ ಎರಡು ಕಡೆ ಬಿಳಿ ಪಿವಿಎ ಗಮ್‌ನ ಚುಕ್ಕೆ ಸಾಕು. ಸೂಪರ್ ಗ್ಲೂ ಹತ್ತಿರವೂ ತರಬೇಡಿ. ಅದು ಒಣಗುವಾಗ ಬಿಡುವ ಆವಿ ಜೆಲ್ ಮೇಲೂ ಲೆನ್ಸಿನ ಮೇಲೂ ಬೂದಿಬಣ್ಣದ ಪೊರೆಯಾಗಿ ಕೂರುತ್ತದೆ, ಆಮೇಲೆ ಒರೆಸಿದರೂ ಹೋಗದು.

ಜೆಲ್ ಕತ್ತರಿಸುವಾಗ ಎರಡು ಬಟರ್ ಪೇಪರ್ ನಡುವೆ ಇಟ್ಟು ವಾಷರ್ ಪಂಚ್‌ನಿಂದ ಒಂದೇ ಏಟಿಗೆ ಹೊಡೆಯಿರಿ. ಕತ್ತರಿ ಬಳಸಿದರೆ ಅಂಚು ಸುರುಳಿಯಾಗಿ ಮೇಲೇಳುತ್ತದೆ. ಬೆರಳಚ್ಚು ಬಿದ್ದರೆ ಸ್ಪಿರಿಟ್, ಅಸಿಟೋನ್ ಹಾಕಬೇಡಿ, ಬಣ್ಣದ ಲೇಪವೇ ಎದ್ದುಬರುತ್ತದೆ. ಆ ತುಂಡನ್ನು ಎಸೆದು ಇನ್ನೊಂದು ಕತ್ತರಿಸುವುದೇ ಲೇಸು.

ಎನ್‌ಡಿ16ಕ್ಕೆ 299ರ ಒಂದು ಪದರ, ಎನ್‌ಡಿ8ಕ್ಕೆ 211ರ ಒಂದು ಪದರ. ಎನ್‌ಡಿ64ಕ್ಕೆ 211ರ ಎರಡು ಪದರ ಅಥವಾ 299ರ ಮೇಲೆ 210. ಎರಡು ಪದರ ಎಂದರೆ ಹೊಳೆಯುವ ಮೈಗಳು ಎರಡಲ್ಲ, ನಾಲ್ಕು. ಸೂರ್ಯ ಫ್ರೇಮಿನಲ್ಲಿದ್ದರೆ ಪ್ರತಿಬಿಂಬದ ಚುಕ್ಕೆಗಳು ಹೆಚ್ಚುತ್ತವೆ. ಪದರಗಳು ಒಂದಕ್ಕೊಂದು ಅಂಟಿಕೊಂಡಲ್ಲಿ ಬಣ್ಣದ ಬಳೆಗಳೂ ಕಾಣಬಹುದು, ಅದಕ್ಕೆ ಮಧ್ಯೆ 0.2 ಮಿಮೀ ತೆಳುರಿಂಗ್ ಇಟ್ಟು ಬೇರ್ಪಡಿಸಿ. ಮೂರು ಪದರಕ್ಕೆ ಹೋಗಬೇಡಿ.

ಗಿಂಬಲ್ ಏನು ಹೇಳುತ್ತದೆ

ಸಣ್ಣ ಡ್ರೋನ್‌ನ ಗಿಂಬಲ್ ಮೋಟರ್‌ಗಳನ್ನು ಕ್ಯಾಮೆರಾದ ಸ್ವಂತ ತೂಕಕ್ಕೆ ಸರಿದೂಗಿಸಿರುತ್ತಾರೆ. ಮೂತಿಯ ತುದಿಗೆ ಸೇರುವ ತೂಕ ಎಲ್ಲವೂ ಟಿಲ್ಟ್ ಮೋಟರ್ ಮೇಲೆ ಬೀಳುತ್ತದೆ. ಮುಂದಿನ ಗಾಜು ತಿರುಗಿಸಿ ತೆಗೆಯಲು ಬರುವ ಕ್ಯಾಮೆರಾ ಆದರೆ ಮೂಲ ಗಾಜನ್ನು ತಕ್ಕಡಿಯಲ್ಲಿಟ್ಟು, ಬದಲಿ ಫಿಲ್ಟರ್ ಅದಕ್ಕೆ ಸಮನಾಗಿ ಅಥವಾ ಇನ್ನೂ ಹಗುರವಾಗಿ ಇರುವಂತೆ ನೋಡಿ. ಮೇಲೆ ಸಿಕ್ಕಿಸುವ ರಿಂಗ್ ಆದರೆ ಒಂದು ಗ್ರಾಂ ದಾಟದಿರಲಿ. ಈ ಅಳತೆಯ ಪಿಇಟಿಜಿ ರಿಂಗ್ ಮತ್ತು ಜೆಲ್ ಅದರೊಳಗೆ ಬರುತ್ತದೆ.

ಫಿಲ್ಟರ್ ಹಾಕುವುದೂ ತೆಗೆಯುವುದೂ ಡ್ರೋನ್ ಆಫ್ ಇರುವಾಗ ಮಾತ್ರ. ಆನ್ ಇದ್ದರೆ ಮೋಟರ್ ನಿಮ್ಮ ಬೆರಳಿನ ವಿರುದ್ಧ ಜಗ್ಗುತ್ತದೆ. ಎರಡು ಬೆರಳಲ್ಲಿ ಕ್ಯಾಮೆರಾದ ಡಬ್ಬಿಯನ್ನೇ ಹಿಡಿದು, ಇನ್ನೊಂದು ಕೈಯಲ್ಲಿ ರಿಂಗ್ ಒತ್ತಿ. ಗಿಂಬಲ್‌ನ ತೋಳು ಹಿಡಿದು ತಿರುಗಿಸಿದರೆ ಒಳಗಿನ ತೆಳು ರಿಬ್ಬನ್ ಕೇಬಲ್ ಹರಿಯುತ್ತದೆ. ಆ ರಿಪೇರಿ ಇಡೀ ಫಿಲ್ಟರ್ ಸೆಟ್‌ಗಿಂತ ದೊಡ್ಡ ಕೆಲಸ.

ಆಮೇಲೆ ಸಮತಟ್ಟಾದ ಮೇಜಿನ ಮೇಲೆ ಡ್ರೋನ್ ಇಟ್ಟು ಆನ್ ಮಾಡಿ. ಆರಂಭದ ಕುಣಿತ ಮುಗಿದ ಮೇಲೆ ಕ್ಯಾಮೆರಾವನ್ನು ನೇರ ಕೆಳಗಿನಿಂದ ಪೂರ್ತಿ ಮೇಲಕ್ಕೆ ನಿಧಾನವಾಗಿ ಎತ್ತಿ ಇಳಿಸಿ. ಯಾವುದೋ ಒಂದು ಕೋನದಲ್ಲಿ ಗುಂಯ್ ಎಂದರೆ ತೂಕ ಜಾಸ್ತಿ, ಅಥವಾ ರಿಂಗ್ ಎಲ್ಲೋ ಉಜ್ಜುತ್ತಿದೆ. ಗಿಂಬಲ್ ಓವರ್‌ಲೋಡ್ ಎಚ್ಚರಿಕೆ ಬಂದರೆ ಕ್ಯಾಲಿಬ್ರೇಷನ್ ಒತ್ತುತ್ತಾ ಕೂರಬೇಡಿ, ಮೊದಲು ಫಿಲ್ಟರ್ ತೆಗೆದು ನೋಡಿ. ಎಚ್ಚರಿಕೆ ಹೋದರೆ ತಪ್ಪು ರಿಂಗಿನದು. ಇಡೀ ತಿರುವಿನಲ್ಲಿ ರಿಂಗ್ ಡ್ರೋನ್ ಮೈಗೆ ತಾಗುತ್ತಿಲ್ಲ ಎಂದು ಖಚಿತವಾದ ಮೇಲಷ್ಟೇ ಕ್ಯಾಲಿಬ್ರೇಷನ್.

ನಿಜವಾದ ಸಾಂದ್ರತೆ

ಮೋಡ ಕವಿದ ಸಮನಾದ ಆಕಾಶ ಅಥವಾ ಒಂದೇ ತರಹ ಬೆಳಕು ಬಿದ್ದ ಬಿಳಿ ಗೋಡೆಗೆ ಕ್ಯಾಮೆರಾ ತಿರುಗಿಸಿ. ಮ್ಯಾನ್ಯುಯಲ್ ಮೋಡ್, ಐಎಸ್‌ಒ 100, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವುದು) 5600 ಕೆಲ್ವಿನ್‌ಗೆ ಕಟ್ಟಿಡಿ. ಫಿಲ್ಟರ್ ಇಲ್ಲದೆ ಹಿಸ್ಟೋಗ್ರಾಮ್‌ನ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಗುಡ್ಡ ನಡುವೆ ನಿಲ್ಲುವ ಶಟರ್ ಬರೆದುಕೊಳ್ಳಿ. ಫಿಲ್ಟರ್ ಹಾಕಿ, ಗುಡ್ಡ ಅದೇ ಜಾಗಕ್ಕೆ ಬರುವ ಶಟರ್ ಹುಡುಕಿ. ಮೊದಲನೆಯದು 1/2000, ಎರಡನೆಯದು 1/100 ಎಂದರೆ 20 ಪಟ್ಟು, 4.3 ಸ್ಟಾಪ್. ರಿಂಗಿನ ಮೇಲೆ ಎನ್‌ಡಿ16 ಎಂದು ಬರೆಯುವ ಬದಲು 4.3 ಎಂದೇ ಬರೆಯಿರಿ. ಶಟರ್ ಮೂರನೇ ಒಂದು ಸ್ಟಾಪ್ ಹೆಜ್ಜೆಯಲ್ಲಿ ಬದಲಾಗುವುದರಿಂದ ಅಷ್ಟು ಆಚೀಚೆ ಇದ್ದೇ ಇರುತ್ತದೆ. ಅಳೆಯುವಾಗ ಮೋಡ ಸರಿದರೆ ಮತ್ತೆ ಮೊದಲಿನಿಂದ ಮಾಡಬೇಕು, ಅದಕ್ಕೇ ಕೊನೆಯಲ್ಲಿ ಫಿಲ್ಟರ್ ತೆಗೆದು ಇನ್ನೊಮ್ಮೆ ನೋಡಿ.

ಬಣ್ಣಕ್ಕೆ ಬೂದು ಕಾರ್ಡಿನ ರಾ (ಕ್ಯಾಮೆರಾ ತಿದ್ದದ) ಫೋಟೋ ಎರಡು, ಫಿಲ್ಟರ್ ಹಾಕಿ ಒಂದು, ಹಾಕದೆ ಒಂದು. ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಮೌಲ್ಯಗಳನ್ನು ಹೋಲಿಸಿ. ಎಲ್ಲ ಫಿಲ್ಟರ್‌ಗಳೂ ಒಂದೇ ಕಡೆಗೆ ವಾಲಿದರೆ ತೊಂದರೆಯಿಲ್ಲ, ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಹೋಗುತ್ತದೆ. ಎನ್‌ಡಿ8 ಹಸಿರಿಗೂ ಎನ್‌ಡಿ64 ಕೆಂಪಿಗೂ ವಾಲಿದರೆ ಎರಡರ ತುಣುಕು ಒಂದೇ ವಿಡಿಯೋದಲ್ಲಿ ಜೋಡಿಸುವಾಗ ಕಷ್ಟ. ಇನ್ನೊಂದು ಪರೀಕ್ಷೆ ಬಿಸಿಲಿನಲ್ಲಿಟ್ಟ ಕಪ್ಪು ನೈಲಾನ್ ಚೀಲ. ದಟ್ಟ ಜೆಲ್ ಕಾಣುವ ಬೆಳಕನ್ನು ತಡೆದರೂ ಇನ್‌ಫ್ರಾರೆಡ್ ಅನ್ನು ಬಹಳಷ್ಟು ಬಿಟ್ಟುಬಿಡುತ್ತದೆ, ಆಗ ಕಪ್ಪು ಬಟ್ಟೆ ಕಂದುಗೆಂಪಾಗಿ ಕಾಣುತ್ತದೆ. ಸೆನ್ಸರ್ ಮುಂದಿನ ಇನ್‌ಫ್ರಾರೆಡ್ ತಡೆ ಇದರ ಬಹುಪಾಲನ್ನು ಹಿಡಿಯುತ್ತದೆ. ಉಳಿದದ್ದು ವೈಟ್ ಬ್ಯಾಲೆನ್ಸ್‌ನಿಂದ ಹೋಗುವುದಿಲ್ಲ, ಅಂಥಲ್ಲಿ ಒಂದು ಸ್ಟಾಪ್ ಕಡಿಮೆಯ ಫಿಲ್ಟರ್ ಹಾಕಿ.

ಬೆಳಕು ಸೋರುತ್ತದೆಯೇ ಎಂದು ನೋಡಲು ಕತ್ತಲೆ ಮೂಲೆಗೆ ಕ್ಯಾಮೆರಾ ತಿರುಗಿಸಿ, ಪಕ್ಕದಿಂದ ಟಾರ್ಚನ್ನು ರಿಂಗಿನ ಸುತ್ತ ಆಡಿಸಿ. ಚಿತ್ರದ ಮೇಲೆ ಮಂಜಿನಂತೆ ಬಿಳುಪು ಏರಿದರೆ ಟೇಪಿನ ಸುತ್ತು ಪೂರ್ತಿಯಾಗಿಲ್ಲ. ಚೂಪಿನ ಪರೀಕ್ಷೆಗೆ ದೂರದ ಮರಗಳ ಸಾಲು ಒಳ್ಳೆಯದು, ಬೆಳಗಿನ ತಂಪಿನಲ್ಲಿ. ಮಧ್ಯಾಹ್ನದ ನೆಲದ ಕಾವಿನಿಂದ ಗಾಳಿಯೇ ಅಲುಗುವುದರಿಂದ ಫಿಲ್ಟರ್‌ಗೆ ಸುಮ್ಮನೆ ಕೆಟ್ಟ ಹೆಸರು ಬರುತ್ತದೆ. ಆಟೋಫೋಕಸ್ ಇರುವ ಡ್ರೋನ್ ಆದರೆ ಫಿಲ್ಟರ್ ಹಾಕಿದ ಮೇಲೆ ದೂರದ ವಸ್ತುವಿಗೆ ಮತ್ತೆ ಫೋಕಸ್ ಮಾಡಿ.

ಹಾರಿಸುವಾಗ

ಮೊದಲ ತಪ್ಪು ಆಟೋ ಎಕ್ಸ್‌ಪೋಷರ್. ಎನ್‌ಡಿ ಹಾಕಿ ಆಟೋಗೆ ಬಿಟ್ಟರೆ ಕ್ಯಾಮೆರಾ ತನಗಿಷ್ಟ ಬಂದಂತೆ ಐಎಸ್‌ಒ ಏರಿಸಿ ಶಟರ್ ಓಡಿಸಬಹುದು, ಆಗ ಫಿಲ್ಟರ್ ಹಾಕಿಯೂ ದಂಡ. ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಲ್ಲಿ ಕಟ್ಟಿ. ಡ್ರೋನ್ ಮೇಲೇರಿಸಿ, ಫ್ರೇಮಿನಲ್ಲಿ ಆಕಾಶ ಅತಿ ಹೆಚ್ಚು ಬರುವ ದಿಕ್ಕಿಗೆ ತಿರುಗಿಸಿ ಹಿಸ್ಟೋಗ್ರಾಮ್ ನೋಡಿ. ಗುಡ್ಡ ಬಲಗೋಡೆಗೆ ತಾಗಿದ್ದರೆ ಶಟರ್ ಸ್ವಲ್ಪ ವೇಗ ಮಾಡಿ.

ಎರಡು ಫಿಲ್ಟರ್‌ಗಳ ನಡುವೆ ಅನುಮಾನ ಬಂದರೆ ತಿಳಿಯಾದದ್ದನ್ನೇ ಹಾಕಿ. ಒಂದು ಸ್ಟಾಪ್ ಕಡಿಮೆಯಾದರೆ ಶಟರ್ 1/50ರ ಬದಲು 1/100 ಆಗುತ್ತದೆ, ಕೂತು ನೋಡುವವರಿಗೆ ಗೊತ್ತೂ ಆಗದು. ಒಂದು ಸ್ಟಾಪ್ ಜಾಸ್ತಿಯಾದರೆ ಐಎಸ್‌ಒ ಏರಿಸಬೇಕು, ಮೋಡ ಬಂದರೆ ಮತ್ತೂ ಏರಿಸಬೇಕು, ಸಣ್ಣ ಸೆನ್ಸರ್‌ನಲ್ಲಿ ನೆರಳಿನ ಭಾಗ ಕಲಕಿಹೋಗುತ್ತದೆ. ಮುಖ್ಯ ಕ್ಯಾಮೆರಾದ ಚಿತ್ರ ನೋಡಿಯೇ ವ್ಯಕ್ತಿಯನ್ನೋ ಗಾಡಿಯನ್ನೋ ಹಿಂಬಾಲಿಸುವ ಸೌಲಭ್ಯಗಳೂ ಮುಸ್ಸಂಜೆಯಲ್ಲಿ ದಟ್ಟ ಫಿಲ್ಟರ್ ಇದ್ದರೆ ಗುರಿ ಕಳೆದುಕೊಳ್ಳುತ್ತವೆ.

ಸೂರ್ಯನ ಕಡೆ ಹಾರುವಾಗ ತಿರುಗುವ ಪ್ರೊಪೆಲ್ಲರ್ ರೆಕ್ಕೆಗಳ ನೆರಳು ಲೆನ್ಸಿನ ಮೇಲೆ ಬಿದ್ದು ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮಿಟುಕುತ್ತವೆ. ಶಟರ್ ನಿಧಾನವಾದಂತೆ ಅವು ಕರಗಿ ಮಾಸುತ್ತವೆ, ಉಳಿದರೆ ದಿಕ್ಕನ್ನು ಒಂದಿಷ್ಟು ತಿರುಗಿಸುವುದೊಂದೇ ಮದ್ದು. ಜೆಲ್ಲಿಯಂಥ ಅಲುಗಾಟವನ್ನೂ ಎನ್‌ಡಿ ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚುವುದಷ್ಟೇ. ಮೂಲ ಕಾರಣ ಅಂಚು ಒಡೆದ ರೆಕ್ಕೆ ಅಥವಾ ಗಟ್ಟಿಯಾದ ಗಿಂಬಲ್ ರಬ್ಬರ್. ಅವನ್ನು ಬದಲಿಸದೆ ಫಿಲ್ಟರ್ ಮೇಲೆ ಭಾರ ಹಾಕಬೇಡಿ. 50 ಹರ್ಟ್ಸ್ ವಿದ್ಯುತ್ತಿನ ದೀಪಗಳಿರುವ ಕಡೆ 1/50 ಅಥವಾ 1/100 ಇಟ್ಟರೆ ಮಿಟುಕು ಬರುವುದಿಲ್ಲ.

ಪೋಲರೈಸರ್ (ಪ್ರತಿಫಲಿಸಿದ ಹೊಳಪನ್ನು ತಡೆಯುವ ಫಿಲ್ಟರ್) ಸೇರಿದ ಎನ್‌ಡಿ ನೀರಿನ ಹೊಳಪು ತೆಗೆಯಲು ಚೆನ್ನ. ಆದರೆ ಅದನ್ನು ಯಾವ ಕೋನಕ್ಕೆ ತಿರುಗಿಸಿ ಹಾಕಿದ್ದೀರೋ ಹಾರಾಟ ಪೂರ್ತಿ ಅದೇ. ಡ್ರೋನ್ ಸುತ್ತು ತಿರುಗಿದರೆ ಆಕಾಶ ಒಮ್ಮೆ ಗಾಢ, ಒಮ್ಮೆ ತೆಳು. ಒಂದೇ ದಿಕ್ಕಿಗೆ ನೋಡುವ ಶಾಟ್‌ಗಳಿಗಷ್ಟೇ ಇಡಿ. ತಿರುಗಿಸಿ ಬದಲಿಸುವ ವೇರಿಯಬಲ್ ಎನ್‌ಡಿಯನ್ನು ಕೊನೆಯ ತನಕ ತಿರುಗಿಸಿದರೆ ಅಗಲ ಲೆನ್ಸಿನಲ್ಲಿ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಬೀಳುತ್ತದೆ.

ಫೋಟೋಗೆ

ಸಾಧಾರಣ ಫೋಟೋಗೆ ಎನ್‌ಡಿ ಬೇಡ, ತೆಗೆದಿಡಿ. ನಕ್ಷೆ ಮಾಡುವ ಹಾರಾಟಕ್ಕಂತೂ ಕೂಡದೇ ಕೂಡದು. ಸೆಕೆಂಡಿಗೆ 10 ಮೀಟರ್ ಹಾರುವಾಗ 1/50 ಎಂದರೆ 20 ಸೆಂಮೀ ಸರಿತ. ಪಿಕ್ಸೆಲ್ 3 ಸೆಂಮೀ ಇದ್ದರೆ ಸುಮಾರು 7 ಪಿಕ್ಸೆಲ್ ಬ್ಲರ್, ಸಾಫ್ಟ್‌ವೇರ್‌ಗೆ ಹೊಂದಾಣಿಕೆಯ ಬಿಂದುಗಳೇ ಸಿಗುವುದಿಲ್ಲ. 1/1000 ಆದರೆ ಸರಿತ 1 ಸೆಂಮೀ.

ಜಲಪಾತ, ಅಲೆಗಳನ್ನು ಹಾಲಿನಂತೆ ಹರಿಸುವ ಫೋಟೋಗೆ ಮಾತ್ರ ದಟ್ಟ ಎನ್‌ಡಿ ಬೇಕು. ಪೂರ್ಣ ಬಿಸಿಲಿನ 1/3200ಕ್ಕೆ ಎನ್‌ಡಿ1000 ಹಾಕಿದರೂ ಸಿಗುವುದು ಮೂರನೇ ಒಂದು ಸೆಕೆಂಡು. ದಟ್ಟ ಮೋಡದಲ್ಲಿ ಅದೇ ಫಿಲ್ಟರ್ ಎರಡೂವರೆ ಸೆಕೆಂಡು ಕೊಡುತ್ತದೆ. ಹಾಗಾಗಿ ಬಿಸಿಲಿಗಿಂತ ಮೋಡವನ್ನೇ ಕಾಯಿರಿ. ಗಾಳಿ ಇಳಿದ ಹೊತ್ತಿನಲ್ಲಿ ಹತ್ತು ಫೋಟೋ ತೆಗೆದರೆ ಒಂದೆರಡು ಅಲುಗದೆ ಸಿಗುತ್ತವೆ. ಎನ್‌ಡಿ1000 ಇಲ್ಲದಿದ್ದರೆ ಎನ್‌ಡಿ64 ಹಾಕಿ, 25 ಫ್ರೇಮಿನ 1/50 ಶಟರ್‌ನಲ್ಲಿ 4 ಸೆಕೆಂಡು ವಿಡಿಯೋ ತೆಗೆಯಿರಿ. ಅದರ 100 ಫ್ರೇಮುಗಳನ್ನು ಒಂದಕ್ಕೊಂದು ಹೊಂದಿಸಿ ಸರಾಸರಿ ಮಾಡಿದರೆ ನೀರು ನುಣುಪಾಗುತ್ತದೆ, ಬಂಡೆ ಚೂಪಾಗಿಯೇ ಉಳಿಯುತ್ತದೆ, ನಾಯ್ಸ್ ಕೂಡ ಇಳಿಯುತ್ತದೆ. ರೆಸಲ್ಯೂಷನ್ 4ಕೆಗೆ ಸೀಮಿತ. ಎನ್‌ಡಿ ಇಲ್ಲದ 1/3200 ವಿಡಿಯೋದಿಂದ ಇದನ್ನು ಮಾಡಿದರೆ ನೀರು ನುಣುಪಾಗುವ ಬದಲು ಚುಕ್ಕೆಚುಕ್ಕೆಯಾಗಿ ಉಳಿಯುತ್ತದೆ.

ಇಳಿಸಿದ ಕೂಡಲೇ ಬ್ಯಾಟರಿ ಆಫ್ ಮಾಡಿ, ರಿಂಗ್ ತೆಗೆದು, ಬ್ಲೋವರ್‌ನಿಂದ ಎರಡೂ ಮೈ ಊದಿ ಡಬ್ಬಿಗೆ ಹಾಕಿ. ರಿಂಗ್ ಸಿಕ್ಕಿಸಿಕೊಂಡೇ ಗಿಂಬಲ್ ಮುಚ್ಚಳ ಹಾಕಿದರೆ ಮುಚ್ಚಳದ ಒತ್ತಡ ಪೂರ್ತಿ ಟಿಲ್ಟ್ ಮೋಟರ್ ಮೇಲೆ ಕೂರುತ್ತದೆ. ಜೆಲ್ ಮೇಲೆ ಒಂದು ಗೆರೆ ಕಂಡರೂ ಒತ್ತುರಿಂಗ್ ಎಬ್ಬಿಸಿ ಹೊಸ ವೃತ್ತ ಇಳಿಸಿ. ಎರಡು ಜೆಲ್‌ಗಳ ಸಾಂದ್ರತೆ ಒಂದೇ ಆಗಿರುವುದಿಲ್ಲವಾದ್ದರಿಂದ, ಹೊಸದನ್ನು ಗೋಡೆಯ ಮುಂದೆ ಮತ್ತೆ ಅಳೆದು ರಿಂಗಿನ ಮೇಲಿನ ಸಂಖ್ಯೆ ತಿದ್ದಿ.